ಕೋಟಿನ ಬೆನ್ನ ಮೇಲೆ ನಕ್ಕವಳು

ಇಸ್ತ್ರಿಯವನ ಹೆಂಡತಿಗೆ ಗಂಡನ ಮೇಲಿದ್ದದ್ದು ಒಂದೇ ದೂರು, ಆದರೆ ದಿನಕ್ಕೆ ಹತ್ತು ಸಲದ ದೂರು. ಕೆಂಡ ಆರಿದ್ದೇ ತಡ, ಈ ಮಹಾಶಯ ಇಸ್ತ್ರಿಪೆಟ್ಟಿಗೆಯಿಂದ ಇದ್ದಿಲ ಚೂರು ಹೆಕ್ಕಿಕೊಂಡು ಚಿತ್ರ ಬರೆಯಲು ಕೂತುಬಿಡುತ್ತಿದ್ದ. ಗೆರೆ ಎಳೆಯುವುದು, ಹೆಬ್ಬೆರಳಿನಿಂದ ತಿಕ್ಕಿ ನೆರಳು ಮಾಡುವುದು, ಅದೇ ಹೆಬ್ಬೆರಳಿನಿಂದ ಜನರ ಬಿಳಿ ಅಂಗಿ ಮುಟ್ಟುವುದು! ಕೈ ತೊಳೀರಿ ಎಂದು ಬಡಕೊಂಡು ಬಡಕೊಂಡು ಅವಳ ಗಂಟಲು ಕಟ್ಟಿತ್ತು.

ಅಂದು ಬೆಳಿಗ್ಗೆ ಆಸ್ಪತ್ರೆಯ ಹಿರಿಯ ನರ್ಸಮ್ಮ ಬಿಳಿ ಕೋಟೊಂದನ್ನು ತಂದು ಮೇಜಿನ ಮೇಲೆ ಕುಕ್ಕಿದರು. ಅಂಗಡಿ ನಡೆಯುತ್ತಿದ್ದದ್ದೇ ಆ ಆಸ್ಪತ್ರೆಯ ಕೋಟುಗಳಿಂದ.

"ಏನಮ್ಮಾ ಇದು? ದೊಡ್ಡ ಡಾಕ್ಟರು ಇದನ್ನ ಹಾಕ್ಕೊಂಡು ವಾರ್ಡೆಲ್ಲಾ ಸುತ್ತಿದಾರೆ!"

ಕೋಟಿನ ಬೆನ್ನ ತುಂಬಾ ಇದ್ದಿಲ ಮಸಿಯಲ್ಲಿ ಅಚ್ಚೊತ್ತಿದ ಅವಳದೇ ಮುಖ, ಬಾಯಿ ತುಂಬಾ ನಗು.

"ಸಂಜೆಯೊಳಗೆ ಬೆಳ್ಳಗಾಗ್ಬೇಕು. ಇಲ್ದಿದ್ರೆ ಎಲ್ಲಾ ಕೋಟೂ ಬೇರೆ ಅಂಗಡಿಗೆ."

ನರ್ಸಮ್ಮ ಹೋಗಿದ್ದೇ ಅವಳು ತಿರುಗಿದಳು. "ರೀ! ಬಟ್ಟೆ ಸುತ್ತೋ ಕಾಗದದ ಮೇಲೆ ಬರೆದದ್ದು ಸಾಲದು ಅಂತ, ಚಿತ್ರನ ಒಳಗಡೆ ಮಾಡಿ ಸುತ್ತೋದಾ?"

"ಹೊರಗಡೆ ಮಾಡಿದ್ರೆ ಅಳಿಸಿಹೋಗುತ್ತಲ್ಲೇ," ಎಂದ ಅವನು, ಬಲು ನ್ಯಾಯವಾಗಿ.

ಹಣೆ ಚಚ್ಚಿಕೊಂಡು ಅವಳು ಕೋಟನ್ನು ಬಕೆಟ್ಟಿಗೆ ಅದ್ದಲು ಹೋದಳು.

"ನೀರು ತಾಗಿಸ್ಬೇಡ! ಮಸಿ ನೂಲೊಳಗೆ ಇಳಿದ್ರೆ ಮುಗೀತು."

ಅವನು ಬ್ರೆಡ್ಡಿನ ತಿರುಳನ್ನು ಉಂಡೆ ಕಟ್ಟಿ, ಒತ್ತಿ ಒತ್ತಿ ಮಸಿ ಎತ್ತತೊಡಗಿದ. ಗದ್ದ ಹೋಯಿತು, ತುಟಿ ಹೋಯಿತು.

"ನಾನ್ಯಾವಾಗ ಹೀಗೆ ನಕ್ಕಿದ್ದೆ?"

"ನೀನೆಲ್ಲಿ ನಗ್ತೀಯ? ಆರು ತಿಂಗಳಿಂದ ಕಾಯ್ತಿದ್ದೆ. ಮೊನ್ನೆ ಪಕ್ಕದ ದರ್ಜಿ ಕುರ್ಚಿ ಮುರಿದು ಬಿದ್ದಾಗ ನಕ್ಕೆಯಲ್ಲ, ಆಗ ಕೈಗೆ ಸಿಕ್ಕಿದ್ದು ಆ ಕಾಗದ." ಹೇಳುತ್ತಲೇ ಚಿತ್ರದ ಕಣ್ಣುಗಳ ಮಸಿಯನ್ನೂ ಎತ್ತಿದ. ಕೋಟು ಬೆಳ್ಳಗಾಯಿತು. ಅವಳು ಆ ಖಾಲಿ ಬೆನ್ನನ್ನು ಒಮ್ಮೆ ಸವರಿ ನೋಡಿದಳು.

ಸಂಜೆ ಅವಳು ಆಸ್ಪತ್ರೆಗೆ ಒಯ್ದುಕೊಟ್ಟ ಕೋಟನ್ನು ನರ್ಸಮ್ಮ ತಿರುಗಿಸಿ ತಿರುಗಿಸಿ ನೋಡಿ, ಇನ್ನೂ ಎಂಟು ಕೋಟು ಕೊಟ್ಟರು. "ಆ ಸುತ್ತಿದ ಕಾಗದ ಇದೆಯಾ?" ಎಂದು ಅವಳು ಕೇಳಿದಳು. ಅದು ಆವತ್ತೇ ಕಸಕ್ಕೆ ಹೋಗಿತ್ತಂತೆ.

ಅಂಗಡಿಗೆ ಬಂದವಳೇ ಹಳೇ ಕ್ಯಾಲೆಂಡರಿನ ಹಾಳೆ ಹರಿದು ಗಂಡನ ಮುಂದೆ ಎಸೆದಳು. "ಇದರ ಹಿಂದೆ ಬರೀರಿ. ಇನ್ನೊಂದ್ಸಲ ಸುತ್ತೋ ಕಾಗದ ಮುಟ್ಟಿದ್ರೆ ಬೆರಳು ಮುರೀತೀನಿ."

ಸ್ಟೂಲ್ ಎಳೆದುಕೊಂಡು ಎದುರಿಗೆ ಕೂತಳು. ನಗಲು ನೋಡಿದಳು. ಬರಲಿಲ್ಲ. ಮತ್ತೆ ನೋಡಿದಳು, ಹುಬ್ಬು ಇನ್ನಷ್ಟು ಗಂಟಾಯಿತು. ಅವನು ಇದ್ದಿಲು ಹಿಡಿದು ಕಾಯುತ್ತಲೇ ಇದ್ದ.

"ದರ್ಜಿ ಅಣ್ಣಾ," ಎಂದು ಗೋಡೆಯಾಚೆಗೆ ಕೂಗಿದಳು, "ದಮ್ಮಯ್ಯ, ಒಂದ್ಸಲ ಬಂದು ಇಲ್ಲಿ ಬೀಳ್ರೀ!"