ಎಡದ ಜೇಬು ಬಲಕ್ಕೆ

ನನ್ನ ಯಜಮಾನರು ತೀರಿಕೊಂಡ ವರ್ಷ ಅಂಗಿ ಕಾರ್ಖಾನೆಗೆ ಸೇರಿದೆ. ಮೊದಲ ದಿನ ನನ್ನ ಸೂಜಿಗೆ ದಾರ ಪೋಣಿಸಿಕೊಟ್ಟವಳು ಪಕ್ಕದ ಮೆಷಿನ್ನಿನವಳು. ಅಂಗಿಗೆ ಜೇಬು ಹೊಲಿಯುವುದು ಅವಳ ಕೆಲಸ, ಅದಕ್ಕೇ ಎಲ್ಲರಿಗೂ ಜೇಬಮ್ಮ.

ಒಮ್ಮೆ ಅವಳ ತಾಯಿಗೆ ಮೇಲುಸಿರು ಬಂದಿದೆ ಎಂದು ಫೋನ್ ಬಂತು. ರಜೆ ಕೇಳಿದರೆ ಮ್ಯಾನೇಜರು, "ನೀನೇನು ಡಾಕ್ಟರಾ? ಬಾಯಿ ಹೊಲ್ಕೊಂಡು ಕೆಲಸ ಮಾಡು" ಎಂದ. ಸಂಜೆ ಅವಳು ಮನೆ ಮುಟ್ಟುವಷ್ಟರಲ್ಲಿ ತಾಯಿ ಇರಲಿಲ್ಲ.

ಮೂರು ತಿಂಗಳು ಅವಳು ಆ ಮಾತೆತ್ತಲಿಲ್ಲ. ಆಮೇಲೊಂದು ದಿನ ಮ್ಯಾನೇಜರು ಅವಸರದಲ್ಲಿ ಮಾದರಿ ಅಂಗಿಯ ಮೇಲೆ ಜೇಬಿನ ಗುರುತನ್ನು ಬಲಗಡೆ ಹಾಕಿದ. ನಾನು ಹೇಳಲು ಹೊರಟೆ. ಅವಳು ನನ್ನ ಕಾಲು ತುಳಿದಳು. ವಾರವಿಡೀ ಎಲ್ಲ ಅಂಗಿಗೂ ಬಲಗಡೆಯೇ ಹೊಲಿದಳು, ಒಂದು ಹೊಲಿಗೆಯೂ ಸೊಟ್ಟಗಾಗದಂತೆ.

ಕೊಂಡವರು ಮಾಲೆಲ್ಲ ವಾಪಸ್ ಕಳಿಸಿದರು. ಮಾಲೀಕರು ಎಲ್ಲರೆದುರು ಅವಳನ್ನು ಕೇಳಿದರು, "ನಿನ್ನ ಕಣ್ಣಿಗೆ ಬೀಳಲಿಲ್ವೇನಮ್ಮ?"

"ಬಿತ್ತು ಸಾರ್. ಬಾಯಿ ಹೊಲ್ಕೊ ಅಂದಿದ್ರಲ್ಲ ಮ್ಯಾನೇಜರು, ಬಿಚ್ಚೋಕೆ ಬರಲಿಲ್ಲ."

ಅವಳದೂ ಮ್ಯಾನೇಜರದೂ, ಇಬ್ಬರ ಕೆಲಸವೂ ಹೋಯಿತು. ಅವಳನ್ನು ಮೊದಲು ಹೊರಗೆ ಕಳಿಸಿದರು. ಸಂಜೆ ನಾನು ಬರುವವರೆಗೂ ಗೇಟಿನ ಬಳಿ ಕಾದು ನಿಂತಿದ್ದಳು. ಇನ್ನು ಹೊಟ್ಟೆಪಾಡಿಗೇನು ಎಂದು ಕೇಳಿದೆ. ಅದು ಅವಳ ಕಿವಿಗೇ ಬೀಳಲಿಲ್ಲ. ಆಮೇಲೆ ಅವಳನ್ನು ನಾನು ಕಾಣಲಿಲ್ಲ. ಅವತ್ತು ಅವಳು ನನ್ನನ್ನು ಕೇಳಿದ್ದೇ ಕೊನೆ:

"ಅಕ್ಕಾ, ಅವನು ಅತ್ನಾ?"