ಅಜ್ಜಿಯ ಕೋವಿ ಕಪಾಟು

ಕಬ್ಬಿಣಕ್ಕೆ ಮೊದಲ ಕೋಟು ಹೊಡೆಯುವ ಕೆಂಪು ಪ್ರೈಮರಿನ ವಾಸನೆಯನ್ನು ಯಾರೂ ಸುವಾಸನೆ ಎನ್ನುವುದಿಲ್ಲ. ಒಮ್ಮೆ ಮೂಗಿನೊಳಗೆ ಹೋಗಿ ಕುಳಿತರೆ ಮಧ್ಯಾಹ್ನದ ಊಟ ಮುಗಿಯುವವರೆಗೆ ಏಳುವ ಗಿರಾಕಿಯಲ್ಲ ಅದು. ಮೊನ್ನೆ ಸುಳ್ಯದಲ್ಲಿ ನಮ್ಮ ಬಾಡಿಗೆ ಮನೆಯ ಕಿಟಕಿಗೆ ಸರಳು ಹಾಕಿಸಲು ಒಂದು ವೆಲ್ಡಿಂಗ್ ಅಂಗಡಿಗೆ ಹೋಗಿದ್ದೆ. ಅಂಗಳದಲ್ಲಿ ಒಂದು ಗೇಟು ಆಗಷ್ಟೇ ಮೈತುಂಬ ಕೆಂಪು ಬಳಿಸಿಕೊಂಡು ಬಿಸಿಲಿಗೆ ಒರಗಿತ್ತು. ಆ ವಾಸನೆ ಬಂದದ್ದೇ ನನ್ನ ಮಾತು ನಿಂತಿತು. ನನ್ನನ್ನು ಬಲ್ಲವರಿಗೆ ಇದೇ ಒಂದು ಸುದ್ದಿ. ಬಸ್ಸಿನ ಕಂಡಕ್ಟರನಿಂದ ಹಿಡಿದು ಮದುವೆಮನೆಯ ಭಟ್ಟರವರೆಗೆ ಎಲ್ಲರ ದನಿಯನ್ನೂ ಬಾಯಲ್ಲಿಟ್ಟುಕೊಂಡು ತಿರುಗುವವನು ನಾನು. ಸ್ವಂತ ದನಿ ಯಾವುದೆಂದು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತದೆ. ಅಂಗಡಿಯವರು, "ಎಂತ ಮಾರಾಯ್ರೆ, ತಲೆ ತಿರುಗಿತಾ?" ಎಂದು ಸ್ಟೂಲು ಎಳೆದುಕೊಟ್ಟರು. ಕುಳಿತೆ. ಕುಳಿತಲ್ಲಿಯೇ ಗುತ್ತಿಗಾರಿಗೆ ಹೋಗಿ ಬಂದೆ.

ಗುತ್ತಿಗಾರಿನಿಂದ ಕಾಡಿನ ಕಡೆಗೆ ಹೋಗುವ ಮಣ್ಣು ರಸ್ತೆ ಎಲ್ಲಿ ದಣಿದು ನಿಲ್ಲುತ್ತಿತ್ತೋ ಅಲ್ಲಿ ನಮ್ಮ ಮನೆ ಇತ್ತು. ಈಗ ಇಲ್ಲ. ಅಜ್ಜಿ ಹೋದ ಮೇಲೆ ನಾವು ಸುಳ್ಯಕ್ಕೆ ಬಂದೆವು. ಜಾಗ ತೆಗೆದುಕೊಂಡವರು ಹಂಚು ಇಳಿಸಿ, ಮುರಕಲ್ಲಿನ ಗೋಡೆಗಳನ್ನು ಜೆಸಿಬಿಯಲ್ಲಿ ದೂಡಿ ರಬ್ಬರ್ ಇಟ್ಟರು. ಅಮ್ಮ ರೊಟ್ಟಿ ತಟ್ಟುತ್ತಿದ್ದ ಒಲೆಯ ಜಾಗದಲ್ಲಿ ಇವತ್ತು ರಬ್ಬರ್ ಮರಗಳು ಹಾಲು ಇಳಿಯುವ ಚಿಪ್ಪು ಹಿಡಿದುಕೊಂಡು ಸಾಲಾಗಿ ನಿಂತಿವೆ, ಊಟಕ್ಕೆ ಬಂದು ಮನೆಯವರನ್ನು ಕಾಯುವವರ ಹಾಗೆ. ಆ ಮನೆಯ ಯಜಮಾನಿ ಅಜ್ಜಿ, ಅಪ್ಪನ ತಾಯಿ. ಅಜ್ಜ ತೀರಿಕೊಂಡಾಗ ನಾನು ಹುಟ್ಟಿರಲಿಲ್ಲ. ಅವರ ಒಂಟಿ ನಳಿಗೆಯ ಕೋವಿ, ಬೆಳೆ ಕಾಯಲೆಂದು ಕೊಟ್ಟ ಲೈಸೆನ್ಸಿನ ಸಮೇತ, ಅಜ್ಜಿಯ ಹೆಸರಿಗೆ ಬಂದಿತ್ತು. ಬಾಳೆಗೆ ಆನೆ ಬಂದರೆ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಅಂಗಳಕ್ಕಿಳಿದು ಆಕಾಶಕ್ಕೊಂದು ಈಡು ಹೊಡೆಯುತ್ತಿದ್ದರು. ಆಮೇಲೆ ಒಳಗೆ ಬಂದು, ನೆರೆಮನೆಯವರೊಡನೆ ಜಗಳವಾಡಿ ಬಂದವರಂತೆ ಉಸ್ಸೆಂದು ಕುಳಿತು ಎಲೆಯಡಿಕೆ ಹಾಕುತ್ತಿದ್ದರು. ಕೋವಿಗೆ ಚಾವಡಿಯ ಗೋಡೆಯಲ್ಲಿ ಎರಡು ಮರದ ಗೂಟಗಳಿದ್ದವು. ಅದರ ಎಣ್ಣೆ ಬಟ್ಟೆಯ ವಾಸನೆ, ಅಜ್ಜಿಯ ಹೊಗೆಸೊಪ್ಪಿನ ವಾಸನೆ, ಅಟ್ಟದಲ್ಲಿ ಒಣಗುವ ಕಾಳುಮೆಣಸಿನ ವಾಸನೆ ಸೇರಿ ಚಾವಡಿಗೆ ಒಂದು ಮೈವಾಸನೆಯಿತ್ತು. ಕಣ್ಣು ಕಟ್ಟಿ ಬಿಟ್ಟರೂ ನಾನು ಅದು ನಮ್ಮ ಮನೆ ಎನ್ನುತ್ತಿದ್ದೆ.

ಗೂಟದ ಕೋವಿ ಕಪಾಟಿಗೆ ಹೋದದ್ದು ನನ್ನಿಂದ. ಆಗ ನಾನು ನಾಲ್ಕನೇ ಕ್ಲಾಸು. ಶಾಲೆಯಲ್ಲಿ ಕವಾಯತು ಮಾಡಿಸಲು ಬಂದಿದ್ದ ಒಬ್ಬರು ಪೊಲೀಸರ ನಡಿಗೆಯನ್ನು ಮೂರು ದಿನ ಅಭ್ಯಾಸ ಮಾಡಿದ್ದೆ. ಹೊಟ್ಟೆ ಮುಂದೆ ಹೋಗಿ ಜಾಗ ನೋಡಿ ಬಂದ ಮೇಲೆ ಉಳಿದವರು ಹೊರಡುವ ನಡಿಗೆ ಅದು. ಒಂದು ಆದಿತ್ಯವಾರ ಬೆಳಿಗ್ಗೆ, ಕೋವಿಯಿಲ್ಲದೆ ವೇಷ ಪೂರ್ತಿಯಾಗಲಿಲ್ಲವೆಂದು ತೋರಿ, ಬೆಂಚು ಹತ್ತಿ ಅದನ್ನು ಇಳಿಸಿದೆ. ಹೆಗಲಿಗಿಟ್ಟು ಚಾವಡಿಯಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ನಡೆದೆ. ಅಮ್ಮ ಬಾಗಿಲಲ್ಲಿ ಬಂದು ನಿಂತದ್ದು ಕಂಡಿತು. ಪ್ರೇಕ್ಷಕರು ಬಂದರೆಂಬ ಹುಮ್ಮಸ್ಸಿನಲ್ಲಿ ಅವರ ಕಡೆಗೇ ತಿರುಗಿಸಿ ಬೆರಳು ಹಾಕಿ ಕೋವಿಯ ಕುದುರೆ ಎಳೆದೆ. ಟಿಕ್ ಎಂದಿತು. ಅಷ್ಟೇ. ಹಿಂದಿನ ದಿನ ಹಂದಿಗೆಂದು ತುಂಬಿಸಿಟ್ಟಿದ್ದ ತೋಟೆಯನ್ನು ಅಜ್ಜಿ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ತೆಗೆದಿದ್ದರು. ಅಮ್ಮ ಬಾಗಿಲ ದಾರಂದ ಹಿಡಿದುಕೊಂಡು ಹಾಗೆಯೇ ಕೆಳಗೆ ಕುಳಿತರು. ಇವತ್ತಿಗೂ ನಾನು ಆ ಕಥೆಯನ್ನು ಗೆಳೆಯರ ನಡುವೆ ಹೇಳುವಾಗ ಪೊಲೀಸರ ನಡಿಗೆಯವರೆಗೆ ಹೇಳಿ ನಿಲ್ಲಿಸುತ್ತೇನೆ.

ಅಪ್ಪ ಸೊಸೈಟಿಯಲ್ಲಿ ಗುಮಾಸ್ತರು, ಮಾತು ಕಡಿಮೆ. ಅವರನ್ನು ಅನುಕರಿಸಬೇಕಾದರೆ ಗಂಟಲು ಸರಿಮಾಡಿಕೊಂಡು ಸುಮ್ಮನಾದರೆ ಸಾಕು. ಆ ದಿನ ಮಾತ್ರ ಗಂಟಲಿನ ನಂತರ ಮಾತೂ ಬಂತು. (ಮನೆಯೊಳಗೆ ನಮ್ಮದು ಈ ಕಡೆಯ ಗೌಡರ ಅರೆಭಾಷೆ, ಇಲ್ಲಿ ನಿಮಗಾಗಿ ಸ್ವಲ್ಪ ಇಸ್ತ್ರಿ ಹಾಕಿದ್ದೇನೆ.)

"ಅವ್ವ, ನಾಳೆ ಇದನ್ನು ಸ್ಟೇಷನ್ನಿಗೆ ಕೊಟ್ಟು ಬರುದು. ಲೈಸೆನ್ಸೂ ಬೇಡ, ಕೋವಿಯೂ ಬೇಡ."

"ಆನೆ ಬಂದರೆ?"

"ಬಾಳೆ ಹೋದರೆ ಹೋಗ್ಲಿ."

ಅಜ್ಜಿ ಬಾಳೆಯ ಬಗ್ಗೆ ವಾದಿಸಲಿಲ್ಲ. ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚಿದರು. ಆಮೇಲೆ, "ನಾನು ಹೋಗುವಾಗ ಎಂತ ಮಾಡ್ತೀ?" ಎಂದು ಕೇಳಿದರು.

ಕೊಡಗಿನ ಗಡಿಗೆ ತಾಗಿದ ನಮ್ಮಂಥ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಅಂಗಳದಲ್ಲಿ ಎರಡು ಈಡು ಹೊಡೆಯುವುದು ಪದ್ಧತಿ. ಒಂದು ಕೇಳಿದರೆ ಜನ ಹಂದಿಗೆ ಎನ್ನುತ್ತಾರೆ, ಮಗ್ಗುಲು ಬದಲಿಸುತ್ತಾರೆ. ಎರಡು ಕೇಳಿದರೆ ಕೈಯ ಕೆಲಸ ಅಲ್ಲಿಗೇ ಬಿಟ್ಟು ಏಳುತ್ತಾರೆ. ಅಜ್ಜ ಹೋದಾಗ ಆ ಎರಡು ಈಡು ಕೇಳಿ ಹೊಳೆಯಾಚೆಯ ಗುಡ್ಡದಿಂದಲೂ ಜನ ಬಂದಿದ್ದರಂತೆ, ಕರೆಯದೆ. ಅಜ್ಜಿಗೆ ಚಿನ್ನದ ಆಸೆ ಇರಲಿಲ್ಲ, ಕಾಶಿಯ ಆಸೆಯೂ ಇರಲಿಲ್ಲ. ಅಜ್ಜನಿಗೆ ಸಿಕ್ಕ ಆ ಎರಡು ಈಡು ತನಗೂ ಸಿಗಬೇಕೆಂಬುದು ಒಂದಿತ್ತು. "ಲೈಸೆನ್ಸ್ ನನ್ನ ಹೆಸರಲ್ಲಿ ಉಂಟೂಂತ ನಾನೇ ಎದ್ದು ಹೊಡಿಲಿಕ್ಕೆ ಆಗುದಿಲ್ಲ," ಎಂದರು. "ನೀನು ಹೊಡಿಬೇಕು. ಪಟಾಕಿ ಗಿಟಾಕಿ ಬೇಡ. ಅದೆಲ್ಲ ಇಲೆಕ್ಷನಿನಲ್ಲಿ ಗೆದ್ದವರಿಗೆ." ಲೈಸೆನ್ಸ್ ಪುಸ್ತಕದಲ್ಲಿ ಅಪ್ಪನ ಹೆಸರನ್ನೂ ಸೇರಿಸಿದ್ದು ಇದಕ್ಕೇ ಎಂದು ನಮಗೆ ಗೊತ್ತಾದದ್ದು ಆಗ. ಅಪ್ಪ ಗಂಟಲು ಸರಿಮಾಡಿಕೊಂಡರು. ಕೊನೆಗೆ ರಾಜಿಯಾಯಿತು: ಕೋವಿ ಮನೆಯಲ್ಲಿ ಇರಬಹುದು, ಆದರೆ ನನ್ನ ಕೈಗೆ ಎಂದೂ ಸಿಗದಂಥ ಕಬ್ಬಿಣದ ಕಪಾಟಿನಲ್ಲಿ.

ಕಪಾಟು ನೋಡಲು ಅಜ್ಜಿ ನನ್ನನ್ನೂ ಕರೆದುಕೊಂಡು ಅಪ್ಪನ ಜೊತೆ ಪುತ್ತೂರಿಗೆ ಹೊರಟರು. ನಾನು ಹೋದದ್ದು ಶಿಕ್ಷೆಗೂ ಅಲ್ಲ, ಪ್ರೀತಿಗೂ ಅಲ್ಲ, ಅಳತೆಗೆ. ಕೋವಿಯನ್ನು ಬಸ್ಸಿನಲ್ಲಿ ಹೊತ್ತುಕೊಂಡು ಹೋಗುವಂತಿಲ್ಲ. ಕೋಲು ಹಿಡಿದು ಅಳೆಯೋಣ ಎಂದರೆ ಅಜ್ಜಿ ಬಿಡಲಿಲ್ಲ: "ಮಲಗಿಸಿ ಕೋಲಿಟ್ಟು ಅಳೆಯುದು ಹೆಣವನ್ನು." ಬದಲಿಗೆ ಕೋವಿಯನ್ನು ಗೋಡೆಗೆ ಒರಗಿಸಿ, ಪಕ್ಕದಲ್ಲಿ ನನ್ನನ್ನು ನಿಲ್ಲಿಸಿದರು. ನಳಿಗೆಯ ತುದಿ ಸರಿಯಾಗಿ ನನ್ನ ಹುಬ್ಬಿಗೆ ಬಂತು. "ಇವ ಬೆಳೆಯುವ ಮಗು. ಇವನನ್ನು ಅಳೆದರೆ ದೋಷ ಇಲ್ಲ," ಎಂದರು. ಹೀಗೆ ನಾನು ಜೀವಮಾನದಲ್ಲಿ ಮೊದಲ ಸಲ ಒಂದು ಉಪಯೋಗಕ್ಕೆ ಬಂದೆ.

ಪುತ್ತೂರಿನ ಅಂಗಡಿಯಲ್ಲಿ ಕಪಾಟುಗಳು ಮದುಮಗಳಂದಿರ ಹಾಗೆ ಕನ್ನಡಿ ಇಟ್ಟುಕೊಂಡು ನಿಂತಿದ್ದವು. ಅಜ್ಜಿ ಒಂದೊಂದರ ಕೆನ್ನೆಗೂ ಬೆರಳ ಗೆಣ್ಣಿನಿಂದ ಬಡಿದು, "ಇದು ಎಣ್ಣೆ ಡಬ್ಬಿ," ಎಂದು ಮುಂದೆ ನಡೆದರು. ಒಂದರ ಬೀಗವನ್ನು ಅಪ್ಪ ಪಕ್ಕದ ಕಪಾಟಿನ ಕೀಲಿಯಿಂದಲೇ ತೆರೆದು ತೋರಿಸಿದಾಗ ಅಂಗಡಿಯವರು ನಮಗೆ ಕುಡಿಯಲು ನೀರು ತರಿಸಿದರು. ಅಲ್ಲಿಂದ ಕುಂಬ್ರದ ಹಮೀದಾಕನ ವರ್ಕ್‌ಶಾಪಿಗೆ ಬಂದೆವು. ಹಮೀದಾಕ ಹತ್ತಾರು ವರ್ಷ ಗಲ್ಫಿನಲ್ಲಿ ವೆಲ್ಡಿಂಗ್ ಮಾಡಿ ಊರಿಗೆ ಬಂದವರು. ಬಗ್ಗಿ ಬಗ್ಗಿ ಅವರ ಕುತ್ತಿಗೆ ಹೆಗಲೊಳಗೆ ಇಳಿದುಹೋಗಿತ್ತು. ಏನನ್ನು ನೋಡಿದರೂ ಬೀಗದ ತೂತಿನಲ್ಲಿ ಇಣುಕುವವರಂತೆ ಕಾಣುತ್ತಿದ್ದರು. ಅಜ್ಜಿಯ ಮಾತನ್ನು ಪೂರ್ತಿ ಕೇಳಿ ಅವರು ಹೇಳಿದ್ದು ಇಷ್ಟು:

"ದಪ್ಪ ಶೀಟಿನಲ್ಲಿ ಮಾಡುವ ಅಮ್ಮಾ. ಬಾಗಿಲಿನ ಕೀಲು ಒಳಗೆ ಇರ್ಬೇಕು, ಹೊರಗೆ ಇದ್ರೆ ಗರಗಸ ಹಾಕ್ತಾರೆ. ತೋಟೆಗೆ ಒಳಗೆ ಬೇರೆ ಸಣ್ಣ ಪೆಟ್ಟಿಗೆ, ಬೇರೆ ಕೀ. ಕೋವಿಯ ಕೀ ನಿಮ್ಮತ್ರ, ತೋಟೆಯ ಕೀ ಮಗನತ್ರ."

"ಎರಡು ಯಾಕೆ?"

"ಸಿಟ್ಟು ಬಂದವ ಎರಡು ಕೀ ಹುಡುಕುವಷ್ಟರಲ್ಲಿ ಸಿಟ್ಟು ಇಳಿತದೆ."

ಅಜ್ಜಿ ಅವರನ್ನು ಆಗಲೇ ಒಪ್ಪಿಕೊಂಡರು. ಅಳತೆಗೆ ನನ್ನನ್ನು ತಗಡಿಗೆ ಬೆನ್ನು ಕೊಟ್ಟು ನಿಲ್ಲಿಸಲಾಯಿತು. ಹಮೀದಾಕ ಚಾಕ್‌ಪೀಸು ಹಿಡಿದು ನನ್ನ ಹುಬ್ಬಿನ ಮಟ್ಟಕ್ಕೆ ತಗಡಿನ ಮೇಲೆ ಗೆರೆ ಎಳೆದರು. ಅಪ್ಪ ರಸ್ತೆಯ ಕಡೆ ನೋಡುತ್ತಿದ್ದರು, ಅಜ್ಜಿ ಎಲೆಯ ಚೀಲದಲ್ಲಿ ಅಡಿಕೆ ಹುಡುಕುತ್ತಿದ್ದರು.

ಹದಿನೈದು ದಿನ ಕಳೆದು ಕಪಾಟು ಜೀಪಿನಲ್ಲಿ ಬಂತು. ಮನೆಗೆಲ್ಲ ಆ ಕೆಂಪು ಪ್ರೈಮರಿನ ವಾಸನೆ. ಅಜ್ಜಿಯ ಕೋಣೆಯಲ್ಲಿ, ಮಂಚದ ತಲೆಯ ಬದಿ, ಹಮೀದಾಕ ಜಾಗ ಗುರುತು ಮಾಡಿದರು. ಮುರಕಲ್ಲಿಗೆ ಬರೀ ಬೋಲ್ಟು ಹೊಡೆದರೆ ಅದು ಹಲಸಿನ ತೊಳೆಯಿಂದ ಬೀಜ ಬರುವ ಹಾಗೆ ಕಿತ್ತು ಬರುತ್ತದೆಂದು ಎರಡು ಕಲ್ಲು ತೆಗೆದು, ಸಿಮೆಂಟು ತುಂಬಿಸಿ, ಅದರೊಳಗೆ ಕಬ್ಬಿಣದ ಕಾಲು ಹೂತರು. ಅದು ಗಟ್ಟಿಯಾಗಲು ಎರಡು ದಿನ ಬಿಟ್ಟು ಮತ್ತೆ ಕುಂಬ್ರದಿಂದ ಬಂದು ಕಪಾಟನ್ನು ಬಿಗಿದರು. ಮಳೆಗಾಲದ ತೇವಕ್ಕೆಂದು ತಳದಲ್ಲಿ ಸಣ್ಣ ತೂತುಗಳು, ಒಳಗೊಂದು ಬಟ್ಟೆಯ ಗಂಟಿನಲ್ಲಿ ಇದ್ದಿಲು. ಎಲ್ಲ ಮುಗಿದು ಅಜ್ಜಿ ದೀಪ ಹಚ್ಚಿ, ಕೋವಿಯನ್ನು ತಂದು ಒಳಗೆ ನಿಲ್ಲಿಸಿದರು. ನಿಲ್ಲಲಿಲ್ಲ. ಎರಡು ಇಂಚು ಹೊರಗೇ ಉಳಿಯಿತು. ಓರೆಯಾಗಿಟ್ಟರೆ ಬಾಗಿಲು ಮುಚ್ಚದು.

ಹಮೀದಾಕ ಟೇಪು ಹಿಡಿದರು, ತಮ್ಮ ಲೆಕ್ಕ ಸರಿಯಾಗಿದೆ ಎಂದರು. ಅಪ್ಪ ಗಂಟಲು ಸರಿಮಾಡಿಕೊಂಡರು. ಅಜ್ಜಿ ಮಾತ್ರ ಕಪಾಟನ್ನು ಬಿಟ್ಟು ನನ್ನನ್ನು ನೋಡಿದರು.

"ಅಳೆಯುವಾಗ ನೀನು ಯಾರಾಗಿದ್ದೆ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹಮೀದಾಕ ಆಗಿದ್ದೆ," ಎಂದೆ. ನಿಜ, ಅವರು ಚಾಕ್ ಹಿಡಿದು ಹತ್ತಿರ ಬರುವಾಗ ತಡೆಯಲಾಗದೆ ನಾನೂ ಕುತ್ತಿಗೆಯನ್ನು ಹೆಗಲೊಳಗೆ ಇಳಿಸಿ ನಿಂತಿದ್ದೆ.

ಮೊದಲು ನಕ್ಕದ್ದು ಹಮೀದಾಕ. "ಒಮ್ಮೆ ತೋರಿಸು ನೋಡುವ," ಎಂದರು. ತೋರಿಸಿದೆ. "ನಾನು ಇಷ್ಟು ಕುಳ್ಳನಾ ಮಾರಾಯ," ಎಂದು ಗೋಡೆ ಹಿಡಿದುಕೊಂಡು ನಕ್ಕರು. ನಂತರ ಕಪಾಟಿನ ನೆತ್ತಿಯಲ್ಲಿ ಚೌಕಾಕಾರವಾಗಿ ಕತ್ತರಿಸಿ, ನಳಿಗೆಯ ತುದಿಗೆಂದು ಒಂದು ಸಣ್ಣ ಕಬ್ಬಿಣದ ಡಬ್ಬಿಯನ್ನು ಬೆಸೆದರು. ಕಪಾಟು ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಇಟ್ಟ ಹಾಗಾಯಿತು. ಜಗತ್ತಿನಲ್ಲಿ ಅಂಥದ್ದು ಇನ್ನೊಂದು ಇರಲಾರದು. ಸಂಜೆ ಅಪ್ಪನ ಕೈಯಿಂದ ಎರಡು ಪೆಟ್ಟು ಬಿತ್ತು, ಅವು ನ್ಯಾಯವಾದವು.

ಅಂದಿನಿಂದ ಕೋವಿಯ ಕೀಲಿ ಅಜ್ಜಿಯ ಸೊಂಟದ ದಾರಕ್ಕೆ ಬಂತು, ತೋಟೆಯ ಕೀಲಿ ಅಪ್ಪನ ಅಂಗಿ ಕಿಸೆಗೆ. ತಿಂಗಳಿಗೊಮ್ಮೆ ಇಬ್ಬರೂ ಕೂಡಿ ಕಪಾಟು ತೆರೆಯುತ್ತಿದ್ದರು. ಅಜ್ಜಿ ಕೋವಿಯನ್ನು ಮಡಿಲಲ್ಲಿ ಮಲಗಿಸಿಕೊಂಡು ಎಣ್ಣೆ ಬಟ್ಟೆಯಲ್ಲಿ ಒರೆಸುವಾಗ ಅಪ್ಪ ಎದುರಿಗೆ ಕುಳಿತು ತೋಟೆಗಳ ತೇವ ನೋಡುತ್ತಿದ್ದರು. ತಾಯಿ ಮಗ ಮಾತಿಲ್ಲದೆ ಅಷ್ಟು ಹೊತ್ತು ಹತ್ತಿರ ಕುಳಿತದ್ದನ್ನು ನಾನು ಬೇರೆ ಯಾವ ಕೆಲಸದಲ್ಲೂ ನೋಡಿಲ್ಲ. ಎರಡು ತೋಟೆಗಳನ್ನು ಅಪ್ಪ ಯಾವಾಗಲೂ ಬೇರೆ ಕಾಗದದಲ್ಲಿ ಸುತ್ತಿಡುತ್ತಿದ್ದರು. ಆನೆ ಬಂದಾಗಲೂ ಅವನ್ನು ಮುಟ್ಟಲಿಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಇಲೆಕ್ಷನ್ ಬಂತು. ಇಲೆಕ್ಷನ್ ಬಂದರೆ ಲೈಸೆನ್ಸ್ ಇರುವವರೆಲ್ಲ ಕೋವಿಯನ್ನು ಸ್ಟೇಷನ್ನಿಗೆ ಒಪ್ಪಿಸಿ ರಶೀದಿ ತರಬೇಕು. ಫಲಿತಾಂಶ ಬಂದ ಮೇಲೆ ವಾಪಸು. ಪ್ರತಿ ಸಲದ ಹಾಗೆ ಅಪ್ಪ ಕೋವಿಗೆ ಗೋಣಿ ಸುತ್ತಿ ಕೊಟ್ಟು ಬಂದರು. ಅದಾಗಿ ವಾರದಲ್ಲಿ ಅಜ್ಜಿ ಮಲಗಿದರು. ಎದೆಯಲ್ಲಿ ನೀರು ತುಂಬಿದೆ ಎಂದರು ಡಾಕ್ಟರು. ಆಸ್ಪತ್ರೆಯಿಂದ ಅವರೇ ಹಟ ಮಾಡಿ ಮನೆಗೆ ಬಂದರು. ಬೆಳಿಗ್ಗೆ ಎದ್ದ ಕೂಡಲೆ ಅವರ ಮೊದಲ ಪ್ರಶ್ನೆ ಒಂದೇ: "ಓಟು ಎಣಿಸಿ ಆಯ್ತಾ?" ನೋಡಲು ಬಂದವರು, ಮುದುಕಿಗೆ ಎಂಥ ರಾಜಕೀಯದ ಹುಚ್ಚು ಎಂದು ನಗುತ್ತಿದ್ದರು. ಅಪ್ಪ ಎರಡು ಸಲ ಸ್ಟೇಷನ್ನಿಗೆ ಹೋಗಿ ಕೇಳಿದರು. "ನಮಗೂ ಅರ್ಥ ಆಗ್ತದೆ ಗೌಡ್ರೆ, ಆದರೆ ಆದೇಶ ಉಂಟಲ್ಲ," ಎಂದು ಕುರ್ಚಿ ಕೊಟ್ಟು ಕಳಿಸಿದರಂತೆ. ಓಟು ಎಣಿಸಲು ಇನ್ನೂ ಒಂಬತ್ತು ದಿನವಿತ್ತು. ಎಣಿಕೆ ಆಯಿತು, ಕೋವಿ ಬಂತು ಎಂದು ಯಾರದಾದರೂ ದನಿಯಲ್ಲಿ ಹೇಳಿಬಿಡೋಣವೇ ಎಂದು ನಾನು ಎರಡು ಸಲ ಅವರ ಮಂಚದ ಹತ್ತಿರ ಹೋದೆ. ಅಜ್ಜಿ ಕಣ್ಣು ತೆರೆದು ನನ್ನನ್ನು ನೋಡಿದರು. ನನ್ನ ದನಿಯಲ್ಲಿ, "ಇಲ್ಲ ಅಜ್ಜಿ, ಇನ್ನೂ ಇಲ್ಲ," ಎಂದೆ.

ಮರುದಿನ ಹತ್ತು ಗಂಟೆಯ ಬಿಸಿಲಿನಲ್ಲಿ ಅವರು ಹೋದರು. ಅಮ್ಮ ಅಜ್ಜಿಯ ಕಣ್ಣು ಮುಚ್ಚಿ, ಗಲ್ಲ ಕಟ್ಟಿದರು. ಅಪ್ಪ ಅಂಗಳಕ್ಕೆ ಹೋಗಿ ನಿಂತರು, ಒಳಗೆ ಬಂದರು, ಮತ್ತೆ ಅಂಗಳಕ್ಕೆ ಹೋದರು. ಎಲ್ಲರ ಮನೆಯ ಕೋವಿಯೂ ಸ್ಟೇಷನಿನಲ್ಲಿತ್ತು, ಎರವಲು ಕೇಳಲೂ ಯಾರೂ ಇರಲಿಲ್ಲ. ಕೊನೆಗೆ ಅವರು ಅಜ್ಜಿಯ ಸೊಂಟದ ದಾರದಿಂದ ಕೀಲಿ ಬಿಚ್ಚಿಕೊಂಡರು. ಖಾಲಿ ಕಪಾಟಿನಲ್ಲಿ ಎಂತ ಹುಡುಕುತ್ತಾರೆ ಎಂದು ನಾನು ನೋಡುತ್ತ ನಿಂತೆ. ಅಪ್ಪ ಮೊದಲು ಹೊಳೆಯ ಕಡೆಯ ಕಿಟಕಿಯನ್ನು ಪೂರ್ತಿ ತೆರೆದರು. ಕಪಾಟಿನ ಬಾಗಿಲನ್ನು ಗೋಡೆಗೆ ತಾಗುವವರೆಗೆ ಹಿಂದಕ್ಕೆ ಎಳೆದು, ಮೈಯ ಬಲವನ್ನೆಲ್ಲ ಕೈಗೆ ತಂದು ಅಪ್ಪಳಿಸಿದರು. ಹಂಚಿನ ಮೇಲಿದ್ದ ಹಕ್ಕಿಗಳು ಹಾರಿದವು. ಸದ್ದು ಪೂರ್ತಿ ಅಡಗಲು ಬಿಟ್ಟರು. ಇನ್ನೊಂದು ಸಲ ಎಳೆದು, ಇನ್ನೊಂದು ಸಲ ಅಪ್ಪಳಿಸಿದರು. ಆಮೇಲೆ ಬಾಗಿಲಿಗೆ ಹಣೆ ಕೊಟ್ಟು ಅಲ್ಲಿಯೇ ನಿಂತರು.

ನಾನು ಕಿಟಕಿಯ ಹತ್ತಿರ ಹೋದೆ. ಹೊಳೆಯಾಚೆ ಸೊಪ್ಪು ಕಡಿಯುತ್ತಿದ್ದ ಒಬ್ಬರು ಕೈ ನಿಲ್ಲಿಸಿ ಇತ್ತ ನೋಡುತ್ತಿದ್ದರು. ಅವರು ಕತ್ತಿಯನ್ನು ಸೊಂಟದ ಕೊಕ್ಕೆಗೆ ಸಿಕ್ಕಿಸಿ, ತಲೆಯ ಬಟ್ಟೆ ತೆಗೆದು ಹೆಗಲಿಗೆ ಹಾಕಿಕೊಂಡು, ಮೇಲಿನ ಮನೆಯ ಕಡೆಗೆ ಏನೋ ಕೂಗಿದರು. ಸ್ವಲ್ಪ ಹೊತ್ತಿನಲ್ಲಿ ಆ ಗುಡ್ಡದ ಕಾಲುದಾರಿಯಲ್ಲಿ ಜನ ಒಬ್ಬೊಬ್ಬರಾಗಿ ಇಳಿಯತೊಡಗಿದರು.