ಮೆಣಸು ಬೆಳೆದವರಿಗೊಂದು ಎಲೆ

ಪಟ್ಟಾಭಿರಾಮ ಭಟ್ಟರು ಸೌಟು ಕೆಳಗಿಟ್ಟರೆ ಅಹಮದಾಬಾದಿನ ಕನ್ನಡಿಗರ ಪಿತೃಗಳು ಉಪವಾಸ ಎಂಬ ಮಾತಿತ್ತು. ಬ್ಯಾಂಕು, ರೈಲ್ವೆ, ವಿಮೆ ಎಂದು ವರ್ಗವಾಗಿ ಬಂದ ಉಡುಪಿ ಕಡೆಯ ಸಂಸಾರಗಳಿಗೆ ಶ್ರಾದ್ಧದ ಮಡಿ ಅಡುಗೆಗೆ ಅವರೊಬ್ಬರೇ ಗತಿ. ಮೆಣಸಿನಕಾಯಿ, ಬಟಾಟೆ, ಟೊಮೆಟೊ ಅಂದು ಒಲೆಯ ಹತ್ತಿರವೂ ಸುಳಿಯಬಾರದು, ಖಾರಕ್ಕೆ ಕಾಳುಮೆಣಸೊಂದೇ. ಈ ವಿಷಯದಲ್ಲಿ ಭಟ್ಟರು ಯಮನಿಗೂ ರಿಯಾಯಿತಿ ಕೊಡುವವರಲ್ಲ.

ಅವರಿಗೆ ತಮ್ಮವರೆಂದು ಯಾರೂ ಇರಲಿಲ್ಲ. ಊರಿಗೆ ಸಿಡುಬು ಬಂದ ವರ್ಷ ಹೆಂಡತಿ ಪಾರ್ವತಿ, ಆರು ತಿಂಗಳ ಮಗು, ಇಬ್ಬರೂ ಒಂದೇ ವಾರದಲ್ಲಿ ಹೋಗಿದ್ದರು. ಕಂಡವರ ಪಿತೃಗಳಿಗೆಲ್ಲ ಬೇಯಿಸಿ ಹಾಕುವ ತನಗೆ ನಾಳೆ ಎಳ್ಳುನೀರು ಬಿಡುವವರಾರು ಎಂಬ ಚಿಂತೆ ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

ನವರಂಗಪುರ ಬಡಾವಣೆಯಲ್ಲಿ ಅವರ ಪಕ್ಕದ ಕೋಣೆಯಲ್ಲಿ ಪದ್ಮನಾಭ ಎಂಬ ಕಾಲೇಜು ಮೇಷ್ಟ್ರಿದ್ದರು, ಇತಿಹಾಸ ಕಲಿಸುವವರು. ೧೯೬೪ರ ಪಿತೃಪಕ್ಷದ ಒಂದು ಸಂಜೆ ಭಟ್ಟರು ಅವರನ್ನು ಕೇಳಿದರು.

"ಅಲ್ಲ ಮಾರಾಯ್ರೆ, ಈ ಮೆಣಸಿನಕಾಯಿ ಶ್ರಾದ್ಧಕ್ಕೆ ಎಂತಕ್ಕೆ ಆಗುದಿಲ್ಲ?"

"ಅದು ನಮ್ಮ ದೇಶದ್ದಲ್ಲ ಭಟ್ರೆ. ಮೆಕ್ಸಿಕೋ ಕಡೆಯದ್ದು. ಪೋರ್ಚುಗೀಸರ ಹಡಗಲ್ಲಿ ಇಲ್ಲಿಗೆ ಬಂತು."

"ಅಲ್ಲಿ ಅದನ್ನು ಬೆಳೆದವರು ಎಂತ ಆದ್ರು?"

ಮೇಷ್ಟ್ರು ಹೇಳಿದರು. ಅಜ್ಟೆಕರೆಂಬ ಜನ ಸರೋವರದ ನಡುವೆ ಪಟ್ಟಣ ಕಟ್ಟಿ ಬಾಳಿದ್ದರು. ಬಂಗಾರದ ಆಸೆಗೆ ಸ್ಪೇನಿನವರು ಬಂದರು. ಅವರ ಹಿಂದೆಯೇ ಸಿಡುಬೂ ಬಂತು. ಹೆಣ ಎತ್ತುವವರಿಲ್ಲದೆ ಮನೆಗಳನ್ನೇ ಹೆಣಗಳ ಮೇಲೆ ಕೆಡವಿದರು. ಉಳಿದವರು ಮುತ್ತಿಗೆಯಲ್ಲಿ ಹಲ್ಲಿ ಹಿಡಿದು ತಿಂದರು.

"ಅವರೂ ಸತ್ತವರಿಗೆ ಎಡೆ ಇಡ್ತಿದ್ರು ಭಟ್ರೆ. ಆಮೇಲೆ ಎಷ್ಟೋ ಮನೆಯಲ್ಲಿ ಇಡುವವರೇ ಉಳೀಲಿಲ್ಲ."

ಭಟ್ಟರಿಗೆ ಆ ದಿನ ಊಟ ಸೇರಲಿಲ್ಲ. ಪಾರ್ವತಿಯ ಮುಖದ ಮೇಲಿನ ಬೊಕ್ಕೆಗಳೇ ಕಣ್ಣಮುಂದೆ ಬರುತ್ತಿದ್ದವು.

ಮಹಾಲಯ ಅಮಾವಾಸ್ಯೆಯ ಅಡುಗೆ ಬ್ಯಾಂಕ್ ಮ್ಯಾನೇಜರ್ ಶಂಕರನಾರಾಯಣ ರಾಯರ ಮನೆಯಲ್ಲಿತ್ತು. ನಡುಮನೆಯಲ್ಲಿ ಪುರೋಹಿತರು ಬಂಧುಗಳಿಲ್ಲದೆ ಸತ್ತವರಿಗೂ ತರ್ಪಣ ಬಿಡಿಸುತ್ತಿದ್ದರು. ನೂರಾರು ಸಲ ಕೇಳಿದ ಮಂತ್ರ ಅಂದು ಭಟ್ಟರಿಗೆ ಚುಚ್ಚಿತು. ಹಿತ್ತಲಿಗೆ ಹೋಗಿ ಕಾಗೆಗಿಟ್ಟ ಅನ್ನದ ಪಕ್ಕದಲ್ಲಿ ಇನ್ನೊಂದು ಎಲೆತುಂಡು ಹಾಸಿ, ಒಂದು ಮುದ್ದೆ ಅನ್ನ ಇಟ್ಟರು. ಅದರ ಮೇಲೆ, ಸೊಂಟದಲ್ಲಿ ಕಟ್ಟಿ ತಂದಿದ್ದ ಒಂದು ಒಣಮೆಣಸಿನಕಾಯಿಯನ್ನೂ ಇಟ್ಟರು.

ರಾಯರ ಹೆಂಡತಿ ಶಕುಂತಲಮ್ಮ ಅದನ್ನು ಕಂಡು ಗಂಡನನ್ನು ಕರೆದರು.

"ಎಂತ ಭಟ್ರೆ ಇದು?"

"ಮೆಣಸು ಬೆಳೆದವರಿಗೆ ರಾಯ್ರೆ. ಸಿಡುಬಲ್ಲಿ ಹೋದವರು. ಇಡ್ಲಿಕ್ಕೆ ಯಾರೂ ಇಲ್ಲ ಅವರಿಗೆ."

"ಯಾವುದೋ ಮ್ಲೇಚ್ಛರಿಗೋಸ್ಕರ ನನ್ನ ಅಪ್ಪನ ಊಟ ಕೆಡಿಸಿದ್ರಲ್ಲ!"

ಅಡುಗೆಯನ್ನೆಲ್ಲ ಹಿತ್ತಲಲ್ಲಿ ಗುಂಡಿ ತೋಡಿ ಸುರಿದರು. ವರ್ಷವೆಲ್ಲ ಸಾಲ ಕೇಳುವವರ ಲಂಚದ ಮಿಠಾಯಿ ಡಬ್ಬಿ ಒಳಗೆ ಬಂದಾಗ ಕೆಡದ ಆ ಮನೆಯ ಮಡಿ ಒಂದು ಒಣಮೆಣಸಿಗೆ ಕೆಟ್ಟಿತ್ತು. ವಾರದೊಳಗೆ ಸುದ್ದಿ ಕನ್ನಡಿಗರ ಮನೆಮನೆಗೂ ಮುಟ್ಟಿತು. ಆಮೇಲೆ ಯಾರೂ ಭಟ್ಟರನ್ನು ಶ್ರಾದ್ಧಕ್ಕೆ ಕರೆಯಲಿಲ್ಲ. ಹೊಟ್ಟೆ ಕೇಳಬೇಕಲ್ಲ, ನವರಂಗಪುರದ ಉಡುಪಿ ಹೋಟೆಲಿನಲ್ಲಿ ರುಬ್ಬುವ ಕಲ್ಲಿನ ಮುಂದೆ ಕೂತರು.

ಭಾನುವಾರಗಳಂದು ಅದೇ ರಾಯರು ಸಂಸಾರಸಮೇತ ಬಂದು, ಬಟಾಟೆ ಪಲ್ಯ ತುಂಬಿದ ಮಸಾಲೆ ದೋಸೆಯನ್ನು ಕೆಂಪು ಚಟ್ನಿಯಲ್ಲಿ ಅದ್ದಿ ತಿನ್ನುತ್ತಿದ್ದರು. ಒಮ್ಮೆ ಕೈ ತೊಳೆಯಲು ಹೋಗುತ್ತ ಒಳಗೆ ಇಣುಕಿದರು.

"ಭಟ್ರೆ, ಚಟ್ನಿಗೆ ಖಾರ ಸಾಲದು."

"ಆಯ್ತು ರಾಯ್ರೆ" ಎಂದು ಭಟ್ಟರು ಇನ್ನೊಂದು ಹಿಡಿ ಮೆಣಸು ಕಲ್ಲಿಗೆ ಹಾಕಿದರು.